ಸಕ್ಕರೆ ಡಬ್ಬಿಯ ಮೇಲಿನ ಹಸಿಕಾಯಿ

ನಮ್ಮ ಅಡುಗೆಮನೆಯ ಸಕ್ಕರೆ ಡಬ್ಬಿಯ ಮುಚ್ಚಳದ ಮೇಲೆ ಒಂದು ಕಾಫಿಕಾಯಿ ಕೂತಿದೆ. ಬಂದಾಗ ಹಸಿರಾಗಿತ್ತು, ಈಗ ಒಣಗಿ, ಕಪ್ಪಾಗಿ, ಕರಿಮೆಣಸಿನ ದೊಡ್ಡಣ್ಣನ ಹಾಗೆ ಕಾಣುತ್ತದೆ. ಡಬ್ಬಿ ಒರೆಸುವಾಗಲೆಲ್ಲ ಅದನ್ನು ಎತ್ತಿ ಪಕ್ಕಕ್ಕಿಟ್ಟು, ಒರೆಸಿ, ಮತ್ತೆ ಅಲ್ಲೇ ಕೂರಿಸುತ್ತೇನೆ. ಚಿಕ್ಕಮಗಳೂರಿನಲ್ಲಿ ಕಾಲಿಟ್ಟಲ್ಲೆಲ್ಲ ಸಿಗುವ ಕಾಫಿಕಾಯಿಗೆ ಇಷ್ಟು ಮರ್ಯಾದೆಯೇ ಎಂದು ನೀವು ಕೇಳಿದರೆ, ಸ್ವಲ್ಪ ಕೂತು ಕೇಳಬೇಕಾಗುತ್ತದೆ. ನಾನು ಯಾವುದನ್ನೂ ಚಿಕ್ಕದಾಗಿ ಹೇಳಿದವಳಲ್ಲ. ಅದರಿಂದಲೇ ಈ ಕಾಯಿ ನಮ್ಮ ಮನೆಗೆ ಬಂದದ್ದು.

ಇದನ್ನೆಲ್ಲ ಫೋನಿನಲ್ಲಿ, ಬಲಗೈಯ ತೋರುಬೆರಳೊಂದರಿಂದಲೇ ಒತ್ತುತ್ತಿದ್ದೇನೆ. ಕಲಿಸಿದವಳು ಚೈತ್ರ, ನನ್ನ ತಂಗಿಯ ಮೊಮ್ಮಗಳು. ಅವಳು ಎರಡು ಹೆಬ್ಬೆರಳಿನಲ್ಲಿ ಹೇನು ಕುಕ್ಕಿದ ಹಾಗೆ ಚಕಚಕ ಒತ್ತುತ್ತಾಳೆ. ನನ್ನದು ಅಕ್ಕಿರೊಟ್ಟಿ ತಟ್ಟುವ ವೇಗ. ನಾನೊಂದು ಮಾತು ಶುರು ಮಾಡಿದರೆ ಸಾಕು, ಮುಂದಿನ ಮಾತನ್ನು ಹೇಳಿಕೊಡಲು ಫೋನೇ ಮುಂದೆ ಬರುತ್ತದೆ. ಐವತ್ತೊಂದು ವರ್ಷ ಜೊತೆಗಿದ್ದ ನಮ್ಮವರೇ ನನ್ನ ಮಾತಿನ ನಡುವೆ ಬಾಯಿ ಹಾಕಿಲ್ಲ. ಇದಕ್ಕೆಷ್ಟು ಧೈರ್ಯ!

ನಮ್ಮವರು ಗೋಣಿಬೀಡಿನ ಹತ್ತಿರದ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಬೆಳಿಗ್ಗೆ ಕೆಲಸದವರ ಹಾಜರಿ ಕೂಗುವುದು, ಸಂಜೆ ಹಣ್ಣಿನ ತೂಕ ಬರೆಯುವುದು, ಇದೇ ಅವರ ಕೆಲಸ. ದಿನವೆಲ್ಲ ಕೂಗಿ ಗಂಟಲು ಖಾಲಿಯಾಗುತ್ತಿತ್ತೋ ಏನೋ, ಮನೆಗೆ ಬಂದ ಮೇಲೆ ಮಾತು ಕಡಿಮೆ. ಈಗ ಕೆಲಸ ಬಿಟ್ಟು ಊರಲ್ಲಿ ಎರಡು ಕೋಣೆಯ ಮನೆ ಮಾಡಿಕೊಂಡಿದ್ದೇವೆ. ಜನ ಮಾತ್ರ ಇನ್ನೂ ಅವರನ್ನು ‘ರೈಟ್ರು’ ಎಂದೇ ಕರೆಯುತ್ತಾರೆ, ನನ್ನನ್ನು ‘ರೈಟ್ರಮ್ಮ’ ಎನ್ನುತ್ತಾರೆ. ಕಳೆದ ವರ್ಷದಿಂದ ಚೈತ್ರಳೂ ನಮ್ಮ ಜೊತೆಗಿದ್ದಾಳೆ. ಕಳಸದ ಹುಡುಗಿ, ಇಲ್ಲಿನ ಕಾಫಿ ಮ್ಯೂಸಿಯಮ್ಮಿನಲ್ಲಿ ಕೆಲಸ ಸಿಕ್ಕಿತು ಎಂದು ಬಂದಳು. ಕಾಫಿ ಮ್ಯೂಸಿಯಮ್ಮಿನಲ್ಲಿ ಕೆಲಸ, ಕುಡಿಯುವುದು ಮಾತ್ರ ಟೀ. ಆ ಪಾಪ ಅವಳಿಗೇ ಇರಲಿ.

ಮ್ಯೂಸಿಯಮ್ ಎಂದರೆ ದೊಡ್ಡದೇನಲ್ಲ. ಕಾಫಿಬೀಜ ಹಸನು ಮಾಡುತ್ತಿದ್ದ ಹಳೆಯ ಕ್ಯೂರಿಂಗ್ ವರ್ಕ್ಸಿನ ಒಂದು ಗೋದಾಮು. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಆಳೆತ್ತರದ ತಕ್ಕಡಿ, ಮಳೆಗೆ ಹೊದೆಯುತ್ತಿದ್ದ ಗೊರಬು, ಬುಟ್ಟಿಗಳು, ಜರಡಿಗಳು. ನನ್ನ ಅರ್ಧ ಆಯುಷ್ಯವನ್ನೇ ಒರೆಸಿ, ಎಣ್ಣೆ ಹಚ್ಚಿ, ಗೋಡೆಗೆ ಒರಗಿಸಿಟ್ಟ ಹಾಗಿದೆ. ಅದನ್ನು ನೋಡಲು ಬಂದವರಿಗೆ ಫೋನೇ ದಾರಿ ತೋರಿಸಿ ಕಥೆ ಹೇಳುವಂಥ ಒಂದು ಆ್ಯಪ್ ಮಾಡಿದ್ದರು. ಪಲ್ಪರ್ ಮುಂದೆ ನಿಂತರೆ ಪಲ್ಪರಿನ ಕಥೆ, ತಕ್ಕಡಿ ಮುಂದೆ ನಿಂತರೆ ತಕ್ಕಡಿಯದು. ಇಂಗ್ಲಿಷಿನಲ್ಲಿ ಹೇಳುವುದಕ್ಕೆ ಯಾರೋ ಗಂಭೀರ ಗಂಡಸು ಸಿಕ್ಕಿದ್ದ. ಕನ್ನಡಕ್ಕೆ? ಚೈತ್ರ ಒಂದು ಭಾನುವಾರ ನನ್ನನ್ನು ಹಾಸಿಗೆಗಳ ರಾಶಿಯ ಪಕ್ಕ ಕೂರಿಸಿ, ತಲೆಯ ಮೇಲೆ ಕಂಬಳಿ ಹೊದೆಸಿದಳು.

“ಇದೆಂತಕ್ಕೆ ಮಾರಾಯ್ತಿ, ಚಳಿಜ್ವರ ಬಂದವ್ರ ಹಾಗೆ?”

“ಹೊರಗಿನ ಸದ್ದು ಬರಬಾರ್ದು ದೊಡ್ಡಜ್ಜಿ. ಈಗ ಹೇಳಿ. ನಂಗೆ ಹೇಳ್ತೀರಲ್ಲ, ಹಾಗೇ.”

ಹೇಳಿದೆ. ಕಂಬಳಿಯೊಳಗೆ ಬೆವರುತ್ತ, ಎರಡು ಭಾನುವಾರ ಹೇಳಿದೆ. ಪಲ್ಪರಿನ ಕಥೆಯ ನಡುವೆ ಪಕ್ಕದ ಮನೆಯ ಕುಕ್ಕರು ಎರಡು ಸಲ ಕೂಗಿದ್ದು ಇಂದಿಗೂ ಕೇಳಿಸುತ್ತದೆ. ಹೀಗೆ ನಾನು ಮ್ಯೂಸಿಯಮ್ಮಿನ ಕನ್ನಡ ದನಿಯಾದೆ. ಈ ವಿಷಯವನ್ನು ಬೀದಿಯಲ್ಲಿ ಯಾರಿಗೂ ಹೇಳಲಿಲ್ಲ, ತರಕಾರಿಯವನಿಗೆ, ಹಾಲಿನವಳಿಗೆ ಮತ್ತು ಎದುರುಮನೆಯವರಿಗೆ ಬಿಟ್ಟರೆ.

ಎಲ್ಲವೂ ಆದ ಮೇಲೆ, ತೆರೆಯುವ ಮೊದಲು ಒಂದು ಪರೀಕ್ಷೆ ಆಗಬೇಕು ಎಂದಳು ಚೈತ್ರ. ಯೂಸರ್ ಟೆಸ್ಟಿಂಗ್ ಅಂತೆ. ಬಳಸುವವರ ಕೈಗೇ ಕೊಟ್ಟು, ಎಲ್ಲಿ ತೊಡಕಾಗುತ್ತದೆ ಎಂದು ನೋಡುವುದು. ಏಳು ಜನ ಬೇಕಿತ್ತು. ಜನ ಕರೆಯುವುದು ನನಗೆ ಬಿಡು ಎಂದೆ. ಗೋಣಿಬೀಡಿನಿಂದ ಇಬ್ಬರನ್ನು ಕರೆಸಿದೆ: ನಮ್ಮ ಎಸ್ಟೇಟಿನಲ್ಲಿ ಹಣ್ಣು ಕೊಯ್ಯುತ್ತಿದ್ದ ಸೀತಮ್ಮ, ಮೂವತ್ತು ವರ್ಷ ನಮಗೆ ದಿನಸಿ ಕೊಟ್ಟ ಅಂಗಡಿ ಶಾಂತಣ್ಣ. ನಮ್ಮ ಬೀದಿಯ ನಾಲ್ವರು. ಏಳನೆಯವರು ನಮ್ಮ ಯಜಮಾನರು, ಲೆಕ್ಕ ತುಂಬಲಿ ಎಂದು.

ಪರೀಕ್ಷೆ ಎಂಬ ಮಾತು ಕೇಳಿ ಶಾಂತಣ್ಣ ಫೋನಿನಲ್ಲೇ ಗಾಬರಿಯಾಗಿದ್ದರು. “ವಿಶಾಲಕ್ಕಾ, ನಾನು ಏಳನೇ ಕ್ಲಾಸಲ್ಲೇ ನಿಂತೋನು. ಈ ವಯಸ್ಸಲ್ಲಿ ಫೇಲಾದ್ರೆ ಮಕ್ಳೆದುರು ಮರ್ಯಾದೆ ಎಲ್ಲಿ ಮಾರಾಯ್ರೆ?”

“ನಿಮ್ಗಲ್ಲ ಶಾಂತಣ್ಣ, ಫೋನಿಗೆ ಪರೀಕ್ಷೆ. ನೀವು ಮೇಷ್ಟ್ರು.”

“ಹಂಗಾದ್ರೆ ಪಾಸ್ ಮಾಡ್ಬಿಡಣ, ಪಾಪ.”

ಆಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಅವತ್ತು ಎಲ್ಲರೂ ಹೆಣ್ಣು ನೋಡಲು ಬಂದವರ ಹಾಗೆ ಬಂದರು. ಸೀತಮ್ಮ ಮಗಳ ರೇಷ್ಮೆ ಸೀರೆ ಉಟ್ಟಿದ್ದಳು. ಮ್ಯೂಸಿಯಮ್ಮಿನ ಮುಂದಿನ ಕೋಣೆಯಲ್ಲಿ ಸಾಲಾಗಿ ಕುರ್ಚಿ ಹಾಕಿಸಿದ್ದೆ. ನಿಪ್ಪಟ್ಟು ಮಾಡಿಕೊಂಡು ಹೋಗಿದ್ದೆ, ಫ್ಲಾಸ್ಕಿನಲ್ಲಿ ಕಾಫಿ. ಎಲ್ಲರಿಗೂ ಉಪಚಾರವಾದ ಮೇಲೆ ಚೈತ್ರ ಒಂದೊಂದು ಫೋನು ಕೊಟ್ಟಳು. ಎಲ್ಲರೂ ಅದನ್ನು ತೀರ್ಥದ ಹಾಗೆ ಎರಡು ಕೈಯಲ್ಲಿ ಹಿಡಿದುಕೊಂಡರು. ಚೈತ್ರ ಒಂದು ಮೂಲೆಯಲ್ಲಿ ಕೂತಳು, ನಡುವೆ ಬಾಯಿ ಹಾಕಬಾರದೆಂದು ಅವಳ ನಿಯಮ. ಅರ್ಧ ಗಂಟೆಯಾಯಿತು. ಹೇಗಿತ್ತು ಎಂದು ಕೇಳಿದಳು.

“ಭಾರಿ ಚೆನ್ನಾಗಿದೆ,” ಎಂದರು ಶಾಂತಣ್ಣ.

“ಬಂಗಾರದಂಗಿದೆ ಮಗಾ,” ಎಂದಳು ಸೀತಮ್ಮ.

“ದನಿ ಅಂತೂ ಕೇಳ್ತಾನೇ ಇರ್ಬೇಕು ಅನ್ಸುತ್ತೆ,” ಎಂದರು ಎದುರುಮನೆಯವರು. ನಾನು ಸೆರಗು ಸರಿಮಾಡಿಕೊಂಡೆ.

ರಾತ್ರಿ ಊಟದ ಹೊತ್ತಿಗೆ ಚೈತ್ರಳ ಮುಖ ಸಣ್ಣದಾಗಿತ್ತು. ಯಾರು ಎಲ್ಲಿ ಒತ್ತಿದರು, ಎಷ್ಟು ಹೊತ್ತು ಕೇಳಿದರು ಎಂಬುದೆಲ್ಲ ಆ ಫೋನುಗಳಲ್ಲಿ ತಾನಾಗಿಯೇ ದಾಖಲಾಗುತ್ತದಂತೆ. ಏಳಕ್ಕೆ ಏಳು ಜನವೂ ಎರಡನೇ ಪುಟದಲ್ಲೇ ನಿಂತುಬಿಟ್ಟಿದ್ದರು! ‘ಮುಂದೆ ಹೋಗಲು ಅನುಮತಿ ಕೊಡುವಿರಾ?’ ಎಂದು ಕೇಳುವ ಪುಟ ಅದು. ‘ಕೊಡುತ್ತೇನೆ’ ಎಂದು ಒತ್ತಿದರಾಯಿತು. ಒಬ್ಬರೂ ಒತ್ತಿರಲಿಲ್ಲ. ನನ್ನ ದನಿಯನ್ನು ಒಂದು ನರಪಿಳ್ಳೆಯೂ ಕೇಳಿರಲಿಲ್ಲ.

ನಾನು ಅಲ್ಲಿಂದಲೇ ಶಾಂತಣ್ಣನಿಗೆ ಫೋನು ಮಾಡಿದೆ. “ಎಂತಕ್ಕೆ ಒತ್ತಲಿಲ್ಲ ಮಾರಾಯ್ರೆ?”

“ಅಲ್ಲ ವಿಶಾಲಕ್ಕ, ರೈಟ್ರು ಕೂತಿದ್ರಲ್ಲ? ಅವ್ರು ಒತ್ತೋ ಮೊದ್ಲು ನಾವು ಒತ್ತದು ಹೆಂಗೆ? ಅನುಮತಿ ಕೊಡೋದಾದ್ರೆ ದೊಡ್ಡವ್ರು ಕೊಡ್ಬೇಕು.”

ಊಟದ ಪಂಕ್ತಿಯಲ್ಲಿ ಹಿರಿಯರು ಕೈ ಹಾಕುವವರೆಗೆ ಯಾರೂ ಎಲೆ ಮುಟ್ಟುವುದಿಲ್ಲ ನೋಡಿ, ಹಾಗೆ ಆರು ಜನ ನಮ್ಮವರ ಬೆರಳಿಗೆ ಕಾದು ಕೂತಿದ್ದರು. ಎದುರಿಗೆ ಕೂತು ಅನ್ನ ಕಲೆಸುತ್ತಿದ್ದ ನಮ್ಮವರನ್ನು ಕೇಳಿದೆ, “ನಿಮ್ಗೆಂತಾಗಿತ್ತು?”

“ಗೋದಾಮಿನ ಸೂರು ಭಾರಿ ಒಳ್ಳೇ ಮರದ್ದು. ಅದನ್ನ ನೋಡ್ತಿದ್ದೆ,” ಎಂದರು.

ಮಾರನೆಯ ದಿನ ಮ್ಯೂಸಿಯಮ್ಮಿನ ಸೆಕ್ರೆಟರಿಯವರು ಆ ದಾಖಲೆ ನೋಡಿದರು. ಅವರೂ ತೋಟದವರೇ, ಒಳ್ಳೆಯ ಮನುಷ್ಯ. ಬೈಯಲಿಲ್ಲವಂತೆ. “ನೋಡಮ್ಮ ಚೈತ್ರ, ಬರೋರೆಲ್ಲ ಹೊರಗಿನವ್ರು. ನಮ್ಮವ್ರು ಯಾರಿದನ್ನ ಹಿಡ್ಕೊಂಡು ತಿರುಗ್ತಾರೆ? ಕನ್ನಡದ್ದು ಬಿಟ್ಬಿಡಣ. ಇಂಗ್ಲಿಷ್ ಸಾಕು,” ಎಂದರಂತೆ. ಇವಳು ಬೇಡಿಕೊಂಡು ಇನ್ನೊಂದೇ ಒಂದು ಸಲ, ಮುಂದಿನ ಗುರುವಾರ ಪರೀಕ್ಷೆ ಮಾಡಲು ಒಪ್ಪಿಸಿ ಬಂದಳು. ಅದರಲ್ಲೂ ಹೀಗೇ ಆದರೆ ಕನ್ನಡಕ್ಕೆ ಬೀಗ.

“ಅವ್ರೆಲ್ಲ ಚೆನ್ನಾಗಿದೆ ಅಂತ ಹೊಗಳೇ ಮುಳುಗಿಸಿದ್ರು ದೊಡ್ಡಜ್ಜಿ,” ಎಂದು ನನ್ನ ಅಡುಗೆಕಟ್ಟೆಯ ಮೇಲೆ ಕೂತಳು. ಹುಡುಗಿಯ ಕಣ್ಣು ತುಂಬಿತ್ತು. “ತಪ್ಪು ಹೇಳಿ ಅಂದ್ರೆ ಒಬ್ರೂ ಹೇಳಲ್ಲ. ತಪ್ಪು ಗೊತ್ತಾಗ್ದೆ ನಾನೇನು ಸರಿ ಮಾಡ್ಲಿ?”

ಹೇಗೆ ಹೇಳುತ್ತಾರೆ, ನೀವೇ ಹೇಳಿ. ನಮ್ಮ ಕಡೆ ಒಬ್ಬರ ಮನೆಗೆ ಹೋಗಿ ಪಾಯಸ ಸೀದಿದೆ ಎಂದವರನ್ನು ನಾನಂತೂ ಕಂಡಿಲ್ಲ. ಸೀದ ಪಾಯಸವನ್ನು ಎರಡನೇ ಸಲ ಹಾಕಿಸಿಕೊಂಡವರನ್ನು ಕಂಡಿದ್ದೇನೆ. ಅದರಲ್ಲೂ ನಮ್ಮವರಿದ್ದಾರಲ್ಲ, ಅವರ ಕಥೆಯೇ ಬೇರೆ. ನಾನು ವಸ್ತಾರೆಯವಳು, ನಮ್ಮದು ಅಂಗಡಿ ಮನೆ, ಎಸ್ಟೇಟ್ ಗೊತ್ತಿಲ್ಲ. ಮದುವೆಯಾಗಿ ಹೋದ ಮೊದಲ ಬೆಳಿಗ್ಗೆ ಇನ್ನೂ ಮಂಜು ಹರಿಯುವ ಮೊದಲೇ ಢಣ್ ಢಣ್ ಎಂದು ಕೇಳಿತು. ಪಕ್ಕದಲ್ಲೆಲ್ಲೋ ದೇವಸ್ಥಾನವಿದೆ, ಮಂಗಳಾರತಿ ಆಗುತ್ತಿದೆ ಎಂದುಕೊಂಡೆ. ಎದ್ದು, ಮುಖ ತೊಳೆದು, ಕರ್ಪೂರ ಹಚ್ಚಿ, ಆ ದಿಕ್ಕಿಗೆ ಬೆಳಗಿ, ಕಣ್ಣು ಮುಚ್ಚಿ ಕೈಮುಗಿದೆ. ದಿನವೂ ಹಾಗೇ ಮಾಡಿದೆ. ಎಂಟನೇ ದಿನ ನೀರಿಗೆ ಬಂದ ಸೀತಮ್ಮ, ಆಗ ಅವಳೂ ಹುಡುಗಿ, ಸೆರಗು ಬಾಯಿಗೆ ಅಡ್ಡ ಹಿಡಿದು ಹೇಳಿದಳು: “ರೈಟ್ರಮ್ಮ, ಅದು ದೇವ್ರಲ್ಲ. ನಮ್ಮನ್ನ ಕೆಲ್ಸಕ್ಕೆ ಕರೆಯೋಕೆ ರೈಲು ಕಂಬಿ ತುಂಡು ಬಡಿಯೋದು. ನೀವು ದಿನಾ ನಮ್ಗೇ ಮಂಗಳಾರತಿ ಮಾಡ್ತಿದೀರಿ.”

ನಮ್ಮವರು ಎಂಟು ದಿನವೂ ಬಾಗಿಲಲ್ಲಿ ನಿಂತು ನೋಡಿದ್ದರು! ಯಾಕೆ ಹೇಳಲಿಲ್ಲ ಎಂದು ಜಗಳ ತೆಗೆದೆ. “ಅಷ್ಟು ಭಕ್ತಿಯಿಂದ ನಿಂತಿದ್ದೆ. ನಿಲ್ಲಿಸಕ್ಕೆ ಮನಸ್ಸು ಬರ್ಲಿಲ್ಲ,” ಎಂದರು. ಇಂಥ ಮನುಷ್ಯರಿಂದ ನಿಜ ಹೊರಡಿಸುವುದು ಹೇಗೆ?

ನಾನೂ ಚೈತ್ರಳೂ ಹಳೇ ಕ್ಯಾಲೆಂಡರಿನ ಹಾಳೆಯ ಹಿಂದೆ ಯೋಜನೆ ಬರೆಯಲು ಕೂತೆವು. ಎಲ್ಲರನ್ನೂ ಒಟ್ಟಿಗೆ ಕರೆಯಬಾರದು, ಒಬ್ಬೊಬ್ಬರನ್ನೇ ಒಳಗೆ ಬಿಡಬೇಕು ಎಂದು ಅವಳು ಬರೆದಳು. ಕುರ್ಚಿ ಬೇಡ, ನಿಪ್ಪಟ್ಟು ಬೇಡ, ಕಾಫಿ ಎಲ್ಲ ಮುಗಿದ ಮೇಲೆ ಎಂದು ನಾನು ಬರೆಸಿದೆ. ಉಪಚಾರ ಮಾಡಿದರೆ ಅವರು ನೆಂಟರಾಗುತ್ತಾರೆ, ನೆಂಟರು ನಿಜ ಹೇಳುವುದಿಲ್ಲ. ಕೆಲಸಕ್ಕೆ ಕರೆದರೆ ಹೇಳುತ್ತಾರೆ. ಕೆಲಸ ಎಂದ ಕೂಡಲೇ ನನಗೆ ಎಸ್ಟೇಟಿನ ಸಂಜೆಗಳು ನೆನಪಾದವು.

ಕೊಯ್ಲಿನ ದಿನಗಳಲ್ಲಿ ಸಂಜೆ ಹೆಂಗಸರು ಹಣ್ಣು ತುಂಬಿದ ಚೀಲ ಹೊತ್ತು ಬರುತ್ತಿದ್ದರು. ಹಾಗೇ ತೂಕಕ್ಕೆ ಹಾಕುವ ಹಾಗಿಲ್ಲ. ಗೋಣಿತಾಟಿನ ಮೇಲೆ ಸುರಿದು, ಕಾಲು ಚಾಚಿ ಕೂತು, ಕೆಂಪು ಹಣ್ಣಿನ ನಡುವೆ ಬಂದ ಹಸಿಕಾಯಿಗಳನ್ನು ಆರಿಸಿ ಬೇರೆ ಮಾಡಬೇಕು. ಸೀತಮ್ಮ ಯಾರ ಬಗ್ಗೆಯೂ ಒಂದು ಕೆಟ್ಟ ಮಾತು ಆಡಿದವಳಲ್ಲ. ಆದರೆ ಆ ಹೊತ್ತಿನಲ್ಲಿ ಅವಳ ಕಣ್ಣಿಗೆ ಕರುಣೆ ಎಂಬುದಿರಲಿಲ್ಲ. ತನ್ನ ರಾಶಿ ಮುಗಿಸಿ ಪಕ್ಕದವಳ ರಾಶಿಗೂ ಕೈ ಹಾಕಿ, ಸಿಕ್ಕ ಹಸಿಕಾಯಿಯನ್ನು ಅವಳ ಮಡಿಲಿಗೇ ಎಸೆಯುತ್ತಿದ್ದಳು. ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಕಾಯಿ ಹಣ್ಣಾಗಿಲ್ಲ, ಅಷ್ಟೇ.

“ಚೈತ್ರಾ,” ಎಂದೆ, “ಬಾಯಲ್ಲಿ ಹೇಳಿಸೋದು ಬೇಡ ಕಣೇ. ಕೈಯಲ್ಲಿ ಹೇಳಿಸಣ.”

ಗುರುವಾರ ಅವಳು ಪರಿಚಯದ ತೋಟವೊಂದರಿಂದ ಆರಿಸಿ ಬಿಟ್ಟ ಹಸಿಕಾಯಿ ಒಂದು ಚೀಲ ತಂದಳು. ಮ್ಯೂಸಿಯಮ್ಮಿನ ಬಾಗಿಲಲ್ಲೂ, ಒಂದೊಂದು ವಸ್ತುವಿನ ಮುಂದೂ ಒಂದೊಂದು ಮೊರ ಇಟ್ಟೆವು. ಬಂದವರು ಅದೇ ಏಳು ಜನ, ತಲಾ ಹತ್ತು ಕಾಯಿ. “ಎಲ್ಲಿ ಫೋನು ಅರ್ಥ ಆಗ್ಲಿಲ್ವೋ, ಎಲ್ಲಿ ಬೇಜಾರಾಯ್ತೋ, ಅಲ್ಲಿ ಮೊರಕ್ಕೆ ಕಾಯಿ ಹಾಕಿ ಮುಂದೆ ಹೋಗಿ. ಯಾರಿಗೂ ಎಂತ ಹೇಳೋದೂ ಬೇಡ,” ಎಂದಳು ಚೈತ್ರ. ಸೀತಮ್ಮ ಈ ಸಲ ಕೆಲಸದ ಸೀರೆಯಲ್ಲೇ ಬಂದಿದ್ದಳು. ಕಾಯಿ ಕೈಗೆ ಬಿದ್ದದ್ದೇ ಅವಳ ಮುಖ ಬದಲಾಯಿತು. ಹಳೆಯ ಸೀತಮ್ಮ! ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಹೋದಳು.

ನನ್ನನ್ನು ಮಾತ್ರ ಒಳಗೆ ಬಿಡಲಿಲ್ಲ. ನನ್ನ ಮುಖ ಕಂಡರೆ ಜನಕ್ಕೆ ಹೊಗಳಬೇಕೆನಿಸುತ್ತದಂತೆ. ಹೊರಗೆ ಕಟ್ಟೆಯ ಮೇಲೆ ಕೂತಿರಬೇಕು ಎಂದು ಚೈತ್ರಳ ಆಜ್ಞೆ. ಕೂತೆ. ಎರಡು ಸಲ ಕಿಟಕಿಯಲ್ಲಿ ಇಣುಕಿದೆ, ಎರಡು ಸಲವೂ ಸಿಕ್ಕಿಬಿದ್ದೆ.

ಕೊನೆಯಲ್ಲಿ ನಮ್ಮವರು ಒಳಗೆ ಹೋದರು. ಅವರು ಹೊರಬರುವ ಹೊತ್ತಿಗೆ ಉಳಿದವರಿಗೆ ಸಾಕಾಗಿ ಬಸ್ಸಿನ ಮಾತು ಶುರುವಾಗಿತ್ತು. ಆಮೇಲೆ ನನ್ನನ್ನು ಒಳಗೆ ಕರೆದರು.

ಫೋನು ಅನುಮತಿ ಕೇಳುವ ಜಾಗ, ಬಾಗಿಲ ಹತ್ತಿರದ ಮೊರದಲ್ಲಿ ಮೂರು ಕಾಯಿ. ಪಲ್ಪರಿನ ಮುಂದೆ ನಾಲ್ಕು, ಫೋನಿನಲ್ಲಿ ಅಕ್ಷರ ಚಿಕ್ಕದೆಂದು. ತಕ್ಕಡಿಗೆ ಒಂದು. ಗೊರಬಿಗೆ ಇಲ್ಲವೇ ಇಲ್ಲ. ಹೀಗೆ ನೋಡುತ್ತ ಹೋದರೆ ಒಂದು ಮೂಲೆಯ ಮೊರದಲ್ಲಿ ರಾಶಿ! ಗೋಡೆಗೆ ನೇತುಹಾಕಿದ ರೈಲು ಕಂಬಿಯ ತುಂಡಿನ ಮುಂದೆ.

ಅಲ್ಲಿ ಇರುವುದು ನನ್ನ ಮಂಗಳಾರತಿಯ ಕಥೆ. ‘ಇದನ್ನು ಬಡಿದು ಕೆಲಸದವರನ್ನು ಕರೆಯುತ್ತಿದ್ದರು’ ಎಂದು ಹೇಳಿ ಮುಗಿಸಬೇಕಾದಲ್ಲಿ, ನಾನು ವಸ್ತಾರೆಯಿಂದ ಹೊರಟು, ಮದುವೆ ಮಾಡಿಕೊಂಡು, ದಿಬ್ಬಣದ ಜೀಪು ಹೂತದ್ದನ್ನು ಹೇಳಿ, ಕರ್ಪೂರದ ಡಬ್ಬಿ ಯಾರು ಕೊಟ್ಟದ್ದೆಂದು ವಿವರಿಸಿ, ಹನ್ನೊಂದು ನಿಮಿಷದ ಮೇಲೆ ಕಂಬಿಗೆ ಬಂದಿದ್ದೆ.

“ಏನೇ ಸೀತಮ್ಮ,” ಎಂದೆ, “ನಿನ್ನ ಹೆಸ್ರೂ ಬರುತ್ತಲ್ಲೇ ಅದ್ರಲ್ಲಿ?”

“ಬರುತ್ತೆ ರೈಟ್ರಮ್ಮ. ಅಲ್ಲಿವರೆಗೆ ಕಾಯ್ಬೇಕಲ್ಲ. ನಿಂತು ನಿಂತು ಕಾಲು ಸೋತು ಹೋಯ್ತು. ಒಂದೊಂದ್ಸಲ ಕಾಲು ಬದ್ಲಾಯಿಸಿದಾಗ್ಲೂ ಒಂದೊಂದು ಕಾಯಿ ಹಾಕ್ದೆ.”

ಶಾಂತಣ್ಣ ಗಂಟಲು ಸರಿಮಾಡಿಕೊಂಡರು. “ತಪ್ಪು ತಿಳ್ಕೋಬೇಡಿ ವಿಶಾಲಕ್ಕ. ಆ ಕಥೆ ಮುಗಿಯೋದ್ರೊಳಗೆ ನಮ್ಮ ಬಸ್ಸು ಮೂಡಿಗೆರೆಗೆ ಹೋಗಿ ವಾಪಸ್ ಬರುತ್ತೆ ಮಾರಾಯ್ರೆ.”

ಎಲ್ಲರೂ ನಕ್ಕರು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ. ಆದರೆ ಒಳಗೆ ಎಲ್ಲೋ ಚುರುಕ್ಕೆಂದದ್ದು ಸುಳ್ಳಲ್ಲ. ಯೋಜನೆ ನನ್ನದೇ, ಕಾಯಿ ಕೊಡಿಸಿದವಳೂ ನಾನೇ. ನಿಜ ಬೇಕು ಎಂದವಳಿಗೆ ಮೊರದ ತುಂಬ ನಿಜ ಸಿಕ್ಕಿತ್ತು.

ಆಗ ನಮ್ಮವರ ಅಂಗಿಯ ಜೇಬು ಉಬ್ಬಿಕೊಂಡಿರುವುದು ಕಾಣಿಸಿತು. ಕೈ ಹಾಕಿ ನೋಡಿದೆ. ಹತ್ತಕ್ಕೆ ಹತ್ತು ಕಾಯಿಯೂ ಅಲ್ಲೇ!

“ಒಂದೂ ಹಾಕ್ಲಿಲ್ವಾ?”

“ನಂಗೆ ಎಲ್ಲೂ ತೊಂದ್ರೆ ಆಗ್ಲಿಲ್ಲ.”

“ಕಂಬಿ ಹತ್ರಾನೂ?”

“ಊಹ್ಞೂಂ.”

“ತಾತ ಕಂಬಿ ಕಥೆ ಮೂರ್ಸಲ ಕೇಳಿದಾರೆ ದೊಡ್ಡಜ್ಜಿ,” ಎಂದಳು ಚೈತ್ರ, ಫೋನು ನೋಡುತ್ತ.

“ಮುಂದೆ ಹೋಗೋದು ಗೊತ್ತಾಗಿರಲ್ಲ.”

“ಇಲ್ಲ. ‘ಮತ್ತೆ ಕೇಳಿ’ ಅನ್ನೋದನ್ನ ಅವ್ರೇ ಒತ್ತಿದ್ದು.”

ನನಗೆ ನಂಬಿಕೆ ಬರಲಿಲ್ಲ. ಎಂಟು ದಿನ ಬಾಗಿಲಲ್ಲಿ ನಿಂತು ಸುಮ್ಮನೆ ನೋಡಿದ ಮನುಷ್ಯ ಇವರು. ಹೆಂಡತಿಗೆ ನೋವಾದೀತೆಂದು ಇಲ್ಲೂ ಅದನ್ನೇ ಮಾಡಿದ್ದಾರೆ. ಪರೀಕ್ಷೆಗೆ ಇವರನ್ನು ಕರೆದದ್ದೇ ದಂಡ ಎಂದುಕೊಂಡೆ.

ಸೆಕ್ರೆಟರಿಯವರು ಅಷ್ಟು ಹೊತ್ತಿಗೆ ಬಂದರು. ಚೈತ್ರ ಏನೇನೋ ಕಾಗದ ತೆಗೆದಳು. ಅವರು ಅದನ್ನು ನೋಡಲೇ ಇಲ್ಲ. ಕಂಬಿಯ ಮುಂದಿನ ಮೊರ ಕಂಡದ್ದೇ ಕುಕ್ಕರುಗಾಲಲ್ಲಿ ಕೂತು, ತೋಟದವರು ಯಾರಾದರೂ ಮಾಡುವ ಹಾಗೆ, ಕಾಯಿಗಳನ್ನು ಬೆರಳಲ್ಲಿ ಹರಡಿದರು. “ಇಷ್ಟು ಹಸಿಕಾಯಿ ನಮ್ಮ ತೋಟದಲ್ಲಿ ಬಂದ್ರೆ ಕೊಯ್ಸೋ ಮೇಸ್ತ್ರಿ ಕಥೆ ಮುಗೀತಿತ್ತು,” ಎಂದರು. ನಾನು ಮೇಸ್ತ್ರಿಯ ಹಾಗೆ ತಲೆ ತಗ್ಗಿಸಿದೆ. ಅವರು ಎದ್ದು ಒಂದೊಂದೇ ಮೊರ ನೋಡುತ್ತ ಕೊನೆಯವರೆಗೆ ಹೋದರು. “ಏಳು ಜನಾನೂ ಕೊನೆವರೆಗೆ ಬಂದಿದಾರಾ?”

“ಏಳೂ ಜನ ಸರ್,” ಎಂದಳು ಚೈತ್ರ.

“ಹಂಗಾದ್ರೆ ಆಯ್ತಲ್ಲಮ್ಮ. ಆರಿಸಿ ಆದ್ಮೇಲೆ ತೂಕಕ್ಕೆ ಹಾಕಲೇಬೇಕು. ಇವಿಷ್ಟು ಸರಿ ಮಾಡು. ಕನ್ನಡ ಇರ್ಲಿ.” ಬಾಗಿಲವರೆಗೆ ಹೋಗಿ ತಿರುಗಿ, “ಈ ಅಮ್ಮನ ಕಂಬಿ ಕಥೆ ಒಂಚೂರು ಚಿಕ್ಕದು ಮಾಡ್ಸು,” ಎಂದರು. ಚೈತ್ರ ನನ್ನ ಸೊಂಟವನ್ನು ತಬ್ಬಿದ ರಭಸಕ್ಕೆ ನನ್ನ ಕನ್ನಡಕ ಮೊರಕ್ಕೆ ಬಿತ್ತು.

ಮನೆಗೆ ಬಂದಾಗ ಐದೂವರೆ. ನನ್ನ ಕಥೆಯನ್ನು ಎಲ್ಲಿ ಕತ್ತರಿಸುವುದು ಎಂದು ಯೋಚಿಸುತ್ತಲೇ ಕಾಫಿ ಸೋಸಿದೆ. ಜೀಪು ಹೂತದ್ದು ಹೋಗಲಿ. ಕರ್ಪೂರದ ಡಬ್ಬಿಯೂ ಹೋಗಲಿ. ಎಲ್ಲ ಹೋದರೆ ಉಳಿಯುವುದು ಒಂದು ಕಬ್ಬಿಣದ ತುಂಡು. ನಮ್ಮವರ ಲೋಟವನ್ನು ಎಂದಿನ ಹಾಗೆ ಒಂದು ತಟ್ಟೆಯಲ್ಲಿಟ್ಟು ಕೊಟ್ಟೆ. ಎಂದಿನ ಹಾಗೆ ಎರಡು ಗುಟುಕು ಕುಡಿದರು. ಆಮೇಲೆ ಜೇಬಿಗೆ ಕೈ ಹಾಕಿ, ಒಂದು ಹಸಿಕಾಯಿ ತೆಗೆದು, ಲೋಟದ ಪಕ್ಕ ಇಟ್ಟರು.

ನಾನು ಅದನ್ನು ನೋಡಿದೆ. ಅವರನ್ನು ನೋಡಿದೆ.

“ಇದೆಂತದ್ದು?”

“ಸಕ್ಕರೆ ಜಾಸ್ತಿ.”

“ಇವತ್ತಾ?”

“ದಿನಾ.”

“ಯಾವಾಗಿಂದ?”

ಸ್ವಲ್ಪ ಯೋಚಿಸಿದರು. ರೈಟರ್ ಅಲ್ಲವೇ, ತಪ್ಪು ಹೇಳುವವರಲ್ಲ. “ನೀನು ಮೊದಲನೇ ದಿನ ಮಂಗಳಾರತಿ ಮಾಡಿ ಕಾಫಿ ಕೊಟ್ಯಲ್ಲ, ಆವಾಗಿಂದ.”

“ಐವತ್ತೊಂದು ವರ್ಷ!” ನನ್ನ ದನಿ ಎದುರುಮನೆಗೂ ಕೇಳಿರಬೇಕು. “ಬಾಯಿ ಇರ್ಲಿಲ್ವಾ ನಿಮ್ಗೆ?”

“ಕಾಯಿ ಇರ್ಲಿಲ್ಲ,” ಎಂದರು. “ಇವತ್ತು ತಾನೆ ಕೊಟ್ಟಿದ್ದು.”

ಚೈತ್ರ ಟೀ ಲೋಟ ಹಿಡಿದುಕೊಂಡೇ ಹೊರಗೆ ಓಡಿದಳು, ನಗು ತಡೆಯಲಾರದೆ. ನನಗೆ ಮೊದಲು ಸಿಟ್ಟು ಬಂತು. ಐವತ್ತೊಂದು ವರ್ಷದ ಸಕ್ಕರೆ ಕಣ್ಣಮುಂದೆ ಮೂಟೆಮೂಟೆಯಾಗಿ ಹಾದುಹೋಯಿತು. ಇನ್ನೊಂದು ವಿಷಯ ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಕಾಯಿ ಕೈಗೆ ಬಂದರೆ ಈ ಮನುಷ್ಯ ಹಾಕುತ್ತಾರೆ. ಹೆಂಡತಿಯ ಕಾಫಿಗೂ ಹಾಕುತ್ತಾರೆ. ಅಂಥವರು ಆ ಕಂಬಿಯ ಮುಂದೆ ಹನ್ನೊಂದು ಹನ್ನೊಂದು ನಿಮಿಷ ಮೂರು ಸಲ ನಿಂತು, ಜೇಬಿನಲ್ಲಿ ಹತ್ತು ಕಾಯಿ ಇಟ್ಟುಕೊಂಡೂ, ಒಂದನ್ನೂ ಹಾಕಿರಲಿಲ್ಲ.

ನಾನು ಒಳಗೆ ಹೋಗಿ ಸಕ್ಕರೆ ಇಲ್ಲದ ಡಿಕಾಕ್ಷನ್ನಿಗೆ ಹಾಲು ಬೆರೆಸಿ ತಂದು ಕೊಟ್ಟೆ. ಲೋಟ ಖಾಲಿ ಮಾಡಿ, “ಹ್ಞಾಂ,” ಎಂದರು.

ಈಗ ಮ್ಯೂಸಿಯಮ್ಮಿನಲ್ಲಿ ಆ ಕಂಬಿಯ ಮುಂದೆ ಫೋನು ಹಿಡಿದು ನಿಂತರೆ ನಾನು ಎರಡೇ ಮಾತು ಹೇಳಿ ಮುಗಿಸುತ್ತೇನೆ. ಪಕ್ಕದಲ್ಲಿ ಒಂದು ಬೆಂಚು ಹಾಕಿಸಿದ್ದಾರೆ, ಸೀತಮ್ಮನ ಕಾಲಿನ ಪುಣ್ಯ. ಫೋನಿನಲ್ಲಿ ‘ಕೂತು ಕೇಳಿ’ ಎಂದು ಇನ್ನೊಂದು ಗುಂಡಿಯಿದೆ. ಅದನ್ನು ಒತ್ತಿದರೆ ಜೀಪು, ಕರ್ಪೂರ, ಎಲ್ಲವೂ ಹಾಗೆಯೇ ಇದೆ. ನೀವು ಈ ಕಡೆ ಬಂದರೆ ಪುರುಸೊತ್ತು ಮಾಡಿಕೊಂಡು ಒತ್ತಿ.

ನಮ್ಮವರ ಆ ಅಂಗಿ ಮಾತ್ರ ಇನ್ನೂ ಒಗೆಯಲು ಸಿಕ್ಕಿಲ್ಲ. ಬಾಗಿಲ ಹಿಂದಿನ ಗೂಟದಲ್ಲಿ ನೇತಾಡುತ್ತಿದೆ, ಜೇಬು ಉಬ್ಬಿಕೊಂಡೇ ಇದೆ. ಕೊಡಿ ಎಂದರೆ, “ಇರ್ಲಿ ಬಿಡು,” ಎನ್ನುತ್ತಾರೆ. ಇನ್ನೂ ಒಂಬತ್ತು ಕಾಯಿ ಉಳಿದಿವೆ. ಯಾವುದಕ್ಕೆಂದು ನಾನು ಕೇಳಿಲ್ಲ. ಆದರೆ ಸಾರಿಗೆ ಹುಳಿ ಹಾಕುವಾಗ ಈಗೀಗ ಕೈ ಸ್ವಲ್ಪ ತಡೆಯುತ್ತದೆ.